ಮೂವತ್ತೇಳು ಮಿಲಿಮೀಟರ್

ಕೈ ಕೊಟ್ಟಿತು ಅನ್ನುತ್ತೇವಲ್ಲ,
ಇದು ನಿಜವಾಗಿಯೂ ಕೈಯನ್ನೇ ಕೊಟ್ಟಿತು.
ಫೆಬ್ರವರಿಯ ಬೆಳಗಿನ ಆರಕ್ಕೆ, ಅಡುಗೆಮನೆಯಲ್ಲಿ,
ನನ್ನ ಅತ್ತೆ ಗೆನೊವೈತೆಯ ಮುಷ್ಟಿಯೊಳಗೆ
ಕಿಟಕಿಯ ಹಿಡಿ ಇಡಿಯಾಗಿ,
ಕಿಟಕಿ ಮಾತ್ರ ಬಾಯಿ ತೆರೆದದ್ದು ತೆರೆದ ಹಾಗೇ.

ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಕೌನಸ್ ಊರಿನ ಕಾಂಕ್ರೀಟ್ ಪೆಟ್ಟಿಗೆಗಳ ನಡುವೆ
ಮೊದಲ ಟ್ರಾಲಿಬಸ್ಸು ಕಿಡಿ ಕಾರುತ್ತ ಹೋಯಿತು,
ಅದರ ಮುಂದಿನದನ್ನು ಓಡಿಸಬೇಕಾದವನು ನಾನು
ಐದನೇ ಮಹಡಿಯಲ್ಲಿ ಚಡ್ಡಿಯಲ್ಲಿ ನಿಂತು
ಇಕ್ಕಳ ಹುಡುಕುತ್ತಿದ್ದೆ.

ಮುರಿದ ಕುತ್ತಿಗೆಯಲ್ಲಿ ಉಗುರಿನಷ್ಟು ಉಳಿದಿತ್ತು
ಚೌಕದ ಸರಳು. ಅದನ್ನು ಕಚ್ಚಿಸಿ ತಿರುವಿದೆ.
ಹಿಡಿಗೆ ಗೊತ್ತಿದ್ದುದು ಮೂರೇ ಮಾತು:
ಕೆಳಗಿದ್ದರೆ, ಸಾಕು.
ಅಡ್ಡಕ್ಕಿದ್ದರೆ, ಬಾ.
ಮೇಲಿದ್ದರೆ, ಸ್ವಲ್ಪ ಮಾತ್ರ, ತಲೆಯಷ್ಟೇ ವಾಲಿಸಿ.
ಇಕ್ಕಳಕ್ಕೆ ಬರುತ್ತಿದ್ದುದು ಬೈಗುಳ ಒಂದೇ.

ಒಂದು ಬೆಳಿಗ್ಗೆ ತೆರೆಯದಿದ್ದರೆ ಏನಾಗುತ್ತದೆ ಎಂದಳು ರಾಮೂನೆ.
ಅವಳಮ್ಮ ಉತ್ತರ ಕೊಡಲಿಲ್ಲ.
ಇದೇ ಗೋಡೆಯಲ್ಲಿ ಮರದ ಕಿಟಕಿ ಇದ್ದ ಕಾಲಕ್ಕೆ
ಇಪ್ಪತ್ತೆಂಟು ಚಳಿಗಾಲ, ಸಂದುಸಂದಿಗೂ ಹತ್ತಿ ತುರುಕಿ
ಕಾಗದದ ಪಟ್ಟಿಗೆ ಸೋಪು ಸವರಿ ಮೇಲೆ ಅಂಟಿಸಿ
ಅಕ್ಟೋಬರಿನಿಂದ ಏಪ್ರಿಲ್‌ವರೆಗೆ
ಬೆಂದ ಕೋಸು, ಒದ್ದೆ ಉಣ್ಣೆ, ಗಂಡನ ಸಿಗರೇಟು
ಎಲ್ಲರ ಉಸಿರನ್ನೂ ಎಲ್ಲರೂ ಉಸಿರಾಡಿದ ಮನೆ.
ಪ್ಲಾಸ್ಟಿಕ್ ಕಿಟಕಿ ಬಂದ ದಿನದಿಂದ
ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ,
ಹಳೆಯ ಸಾಲ ತೀರಿಸುವವಳ ಹಾಗೆ ತೆರೆಯುತ್ತಾಳೆ.

ಮೂರು ವಾರ ಇಕ್ಕಳವೇ ನಮ್ಮ ಹಿಡಿ.

ಅಂಗಡಿಯ ಪ್ರಾನಾಸ್ ಕೇಳಿದ, ಸರಳಿನ ಉದ್ದ ಎಷ್ಟು?
ನಾನು ಎರಡು ಬೆರಳು ತೋರಿಸಿದೆ, ಇಷ್ಟು.
ನಿಮ್ಮ ಇಷ್ಟು ನನ್ನ ಡಬ್ಬಿಯಲ್ಲಿಲ್ಲ ಎಂದ.
ಆದರೂ ಮೂವತ್ತೆರಡರದು ತಂದೆ:
ಹಿಡಿ ತಿರುಗಿತು, ಸೊಗಸಾಗಿ ತಿರುಗಿತು,
ಒಳಗೆ ಯಾರೂ ಅದರ ಮಾತು ಕೇಳಲಿಲ್ಲ.
ನಲವತ್ತೈದರದು ಗೋಡೆಗೆ ಮುನಿದ ಅಳಿಯನ ಹಾಗೆ
ಒಂದು ಬೆರಳು ದೂರವೇ ನಿಂತಿತು.
ಕೊನೆಗೆ ಹಳೆಯದನ್ನೇ ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಒಯ್ದೆ.
ಮೂವತ್ತೇಳು, ಎಂದ ಪ್ರಾನಾಸ್, ಅಳೆಯದೆಯೇ.

ಹೊಸ ಮುಚ್ಚಳವನ್ನು ಅಡ್ಡ ತಿರುಗಿಸಿದರೆ
ಕೆಳಗೆ ಎರಡು ಸ್ಕ್ರೂ, ಕಣ್ಣಿನ ಹಾಗೆ.
ಹಳೆಯದು ಕೂತಿದ್ದ ಜಾಗದಲ್ಲಿ
ಹಳದಿಗಟ್ಟಿದ ಚೌಕಟ್ಟಿನ ನಡುವೆ
ಒಂದು ಅಂಗೈಯಷ್ಟು ಅಪ್ಪಟ ಬಿಳುಪು,
ಕಿಟಕಿ ಬಂದ ದಿನದ ಬಿಳುಪು.
ನೋಡು ಎಂದು ಕರೆಯುವಷ್ಟರಲ್ಲಿ ನನ್ನ ಕೈಯೇ ಅದನ್ನು ಮುಚ್ಚಿತು,
ಸ್ಕ್ರೂ ಬಿಗಿಯಾಯಿತು.

ಮರುದಿನ ಆರಕ್ಕೆ ದೊಡ್ಡ ಸದ್ದು.
ಹಳೆಯದಕ್ಕೆ ಒಂಚೂರು ಮೇಲೆತ್ತಿ, ಭುಜ ಕೊಟ್ಟು, ಆಮೇಲೆ ತಿರುವಬೇಕಿತ್ತು.
ಆ ಭುಜವನ್ನು ಆಕೆ ಎಂದಿನಂತೆ ಕೊಟ್ಟಿದ್ದಾಳೆ.
ಬೆಣ್ಣೆಯ ಹಾಗೆ ತಿರುಗಿದ ಹಿಡಿ
ಮೊಣಕೈಯನ್ನು ನೇರ ಜಾಮಿನ ಬಾಟಲಿಗೆ ಕಳಿಸಿದೆ.
ನೆಲದ ತುಂಬ ಕಪ್ಪು ದ್ರಾಕ್ಷಿ, ಗಾಜು,
ನಡುವೆ ಉಣ್ಣೆಯ ಕಾಲುಚೀಲದಲ್ಲಿ ನಿಂತ ಗೆನೊವೈತೆ:
ಇದೇನಿದು, ಎದುರು ಮಾತೇ ಆಡುವುದಿಲ್ಲ!

ಈಗಲೂ ಆಕೆ ಮೊದಲು ಮೇಲೆತ್ತುತ್ತಾಳೆ.
ನೋಡನೋಡುತ್ತ ನಾನೂ.

ಇಕ್ಕಳವನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹೋಗುತ್ತೇನೆ.
ಸಂಜೆ ಬಂದರೆ ಅದು ಕಿಟಕಿಯ ಹಲಗೆಯ ಮೇಲೆ,
ನೀರಿನ ಲೋಟದಲ್ಲಿ ಚಿಗುರುವ ಈರುಳ್ಳಿಯ ಪಕ್ಕ.
ಯಾಕೆ ಎಂದು ಕೇಳಿದೆ, ಒಮ್ಮೆ.
ಆಕೆ ಹಿಡಿಯನ್ನು ಎರಡು ಬೆರಳಲ್ಲಿ ತಟ್ಟಿ,
ಪಾಪ, ಹೊಸದು, ಎಂದಳು,
ಇನ್ನೂ ಚಳಿ ಕಂಡಿಲ್ಲ.