ಹಿಮದ ಮೇಲೆ ಕಿತ್ತಳೆ

ಗುಡಿಸಲಿನ ಹಿಂದೆ ಹೋಗಿ ಮೊದಲು ಹಿಮ ನೋಡುತ್ತೇನೆ.
ನಾಚಿಕೆಯ ಮಾತಲ್ಲ, ನನ್ನ ಕೆಲಸ.
ಗುಳಿಗೆ ನುಂಗಿದವನ ಉಚ್ಚೆ ಕಿತ್ತಳೆ ಬಣ್ಣ,
ಬಿಳಿಯ ಮೇಲೆ ಬಿದ್ದರೆ
ಸುಳ್ಳು ಹೇಳಲು ಬರುವುದಿಲ್ಲ ಅದಕ್ಕೆ.

ಆಮೇಲೆ ಬಾಗಿಲು ತಟ್ಟಿ
"ಖೊತ್ಸೊ, ನ್ತಾತೆ ಸೆಯಾಬಾತ" ಎನ್ನುತ್ತೇನೆ.
ಉತ್ತರಕ್ಕಿಂತ ಮೊದಲು ಕೆಮ್ಮು ಬರುತ್ತದೆ.

ಹತ್ತೊಂಬತ್ತು ವರ್ಷ ಗಡಿಯಾಚೆ ಚಿನ್ನದ ಗಣಿಯಲ್ಲಿದ್ದ.
ನೆಲದಡಿ ಎರಡು ಮೈಲಿ ಇಳಿದು
ಬೇರೆಯವರ ಉಂಗುರಗಳಿಗಾಗಿ ಕಲ್ಲು ಕೊರೆದ.
ಚಿನ್ನ ಅಲ್ಲೇ ಉಳಿಯಿತು, ದೂಳು ಜೊತೆಗೆ ಬಂತು.
ಕಂಪನಿಯ ಹಾಜರಿಯಲ್ಲಿ ಹೆಸರಿದೆ,
ಪರಿಹಾರದ ಪಟ್ಟಿಯಲ್ಲಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಮ್ಮ ಮಾತಿನಲ್ಲಿ ಎದೆಗೆ ಸೆಫುಬಾ, ಈ ರೋಗಕ್ಕೆ ಲೆಫುಬಾ.
ತುದಿನಾಲಗೆ ಒಂದಿಷ್ಟು ಜಾರಿದರೆ ಸಾಕು.

ಮೊದಲ ದಿನ ಕಫದ ಡಬ್ಬಿ ಕೊಟ್ಟಾಗ
ಮರ್ಯಾದೆಯಿಂದ ಒಂಚೂರು ಉಗುಳು ಹಾಕಿ ಕೊಟ್ಟ.
"ಇದು ಬಾಯಿಯದು, ನ್ತಾತೆ.
ನನಗೆ ಗಣಿಯದು ಬೇಕು" ಎಂದೆ.
ಅಂಗಳಕ್ಕೆ ಹೋಗಿ, ಮೊಣಕಾಲು ಹಿಡಿದು ಬಗ್ಗಿ,
ಎದೆಗೂಡಿನ ತಳದಿಂದ ಎತ್ತಿ ತಂದ:
ಹಸಿರು, ಅದರಲ್ಲೊಂದು ಕೆಂಪು ಎಳೆ.
ಮುಚ್ಚಳ ತಿರುಗಿಸಿ, ಹೆಸರು ಬರೆದು,
ಬುತ್ತಿಯ ಹಾಗೆ ಬಟ್ಟೆಯಲ್ಲಿ ಸುತ್ತಿ
ಲೆಬೋನನ ಕುದುರೆಯ ಚೀಲಕ್ಕೆ ಹಾಕಿದೆ.
ಹೊಳೆ ಏರಿತ್ತು. ನಾಲ್ಕು ದಿನ ಕಾದೆವು.

ಫಲಿತಾಂಶ ಬಂದ ದಿನ ಆತ ಕೇಳಿದ್ದು ಒಂದೇ:
"ಹುಡುಗನ ತಟ್ಟೆ ಬೇರೆ ಇಡಬೇಕೇ?"
ತಟ್ಟೆಯದೇನೂ ತಪ್ಪಿಲ್ಲ, ಕಿಟಕಿ ತೆಗೆಯಿರಿ, ಎಂದೆ.
ಬೆರಣಿಯ ಬೆಂಕಿಯ ದುಂಡು ಮನೆಯಲ್ಲಿ,
ಜುಲೈ ತಿಂಗಳಲ್ಲಿ,
ಕಿಟಕಿ ತೆಗೆಯಿರಿ!
ಕೈಪಿಡಿ ಬರೆದವರು ಯಾರೋ ಬೆಚ್ಚಗಿನ ಊರಿನವರು.
ಆದರೂ ತೆಗೆದರು,
ಒಂದೇ ಕಂಬಳಿಯೊಳಗೆ ಇಬ್ಬರೂ ಕೂತು.

ಸೋಮವಾರದಿಂದ ಶನಿವಾರ ನನ್ನ ಕಣ್ಣೆದುರು ನುಂಗುತ್ತಾನೆ.
ನಾಲ್ಕು ಗುಳಿಗೆ, ಒಂದು ಲೋಟ ನೀರು,
ಆಮೇಲೆ ನಾಲಗೆ ಎತ್ತಿ ತೋರಿಸಬೇಕು.
ಅರವತ್ತು ದಾಟಿದ ಗಂಡಸಿಗೆ ಬಾಯಿ ತೆರೆಯಿರಿ ಎನ್ನಲು
ನನಗೂ ಒಂದು ವಾರ ಹಿಡಿಯಿತು.
ಭಾನುವಾರ ನನಗೆ ಚರ್ಚು, ಆತನ ಮೇಲೆ ನಂಬಿಕೆ.

ಈ ಸೋಮವಾರ ಹಿಮ ಬರೀ ಹಳದಿ.

ಬೈಯಲು ಬಾಯಿ ತೆರೆದವಳು ಒಲೆ ನೋಡಿದೆ.
ತಣ್ಣಗಿತ್ತು. ಗಡಿಗೆಯ ತಳದಲ್ಲಿ ಚಮಚ ಕೆರೆದ ಗೆರೆ.
ಮೂಲೆಯಲ್ಲಿ ಮೊಮ್ಮಗ ಕನನೆಲೊ, ತುಟಿಯಂಚಿಗೆ ಒಣಗಿದ ಗಂಜಿ.
"ಬರಿಹೊಟ್ಟೆಯಲ್ಲಿ ಅವು ಕಚ್ಚುತ್ತವೆ, ತಾಯಿ.
ಇದ್ದದ್ದು ಒಬ್ಬರಿಗಾಗುವಷ್ಟು."

ಮಸೇರುವಿನಿಂದ ಬಂದ ಫಾರಮ್ಮಿನಲ್ಲಿ ಇದಕ್ಕೆ ಖಾನೆಯಿಲ್ಲ.
ಗುಣವಾದರು, ಮುಗಿಸಿದರು, ಸತ್ತರು, ಕಳೆದುಹೋದರು.
ಕೊನೆಯದರ ಮುಂದೆ ನನ್ನ ಪೆನ್ನು ನಿಲ್ಲುತ್ತದೆ.
ಹೋದ ವರ್ಷ ಹಾಗೆ ಬರೆದ ಹೆಂಗಸನ್ನು
ಮೂರು ಗುಡ್ಡದಾಚೆ, ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಕಂಡೆ.
ಆಕೆ ಎಲ್ಲೂ ಕಳೆದಿರಲಿಲ್ಲ.
ನಾವು ಹುಡುಕಿರಲಿಲ್ಲ.

ನನ್ನ ಭತ್ಯೆ ಬಂದು ಮೂರು ತಿಂಗಳಾಯಿತು.
ಮನೆಗೆ ಹೋಗಿ ಮೆಕ್ಕೆಜೋಳದ ಹಿಟ್ಟು ಅಳೆದೆ,
ಅರ್ಧ ಅವರಿಗೆ.
ಹಾಗೆ ಮಾಡಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದರು,
ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರಂತೆ.
ಕೇಳಲಿ.
ಕೇಳುವವರು ಬದುಕಿರುತ್ತಾರೆ.

ಹುಡುಗನಿಗೂ ಗುಳಿಗೆ ಇದೆ, ರೋಗ ಬಾರದಿರಲೆಂದು,
ಚಮಚದ ನೀರಿನಲ್ಲಿ ಕರಗುವ ಪುಟ್ಟವು.
ಅಜ್ಜ ನುಂಗದೆ ತಾನು ಕುಡಿಯಲಾರೆನೆಂದು ಹಠ.
ಅದಕ್ಕೇ ಭಾನುವಾರದ ಕಾವಲು ಅವನಿಗೆ ವಹಿಸಿದ್ದೇನೆ.
ನಾಲಗೆ ಎತ್ತಿಸಿ, ಕೆನ್ನೆಯೊಳಗೆ ಬೆರಳು ಆಡಿಸಿ,
ಕುದುರೆ ಕೊಳ್ಳುವವನ ಹಾಗೆ ಹಲ್ಲನ್ನೂ ಎಣಿಸುತ್ತಾನಂತೆ.

ಮುಂದಿನ ಸೋಮವಾರ ಗುಡಿಸಲಿನ ಹಿಂದೆ ಹೋದೆ.
ರಾತ್ರಿ ಹೊಸ ಹಿಮ ಬಿದ್ದಿತ್ತು.
ಗೋಡೆಯ ಬಳಿ ದೊಡ್ಡದೊಂದು ಕಿತ್ತಳೆ ಕಲೆ.
ಪಕ್ಕದಲ್ಲಿ ಅದೇ ಬಣ್ಣದ ಸಣ್ಣ ಗೆರೆಗಳು, ಅಂಕುಡೊಂಕು,
ಯಾರೋ ತನ್ನ ಹೆಸರು ಬರೆಯಲು ಹೊರಟು
ಎರಡನೆಯ ಅಕ್ಷರಕ್ಕೇ ಖಾಲಿಯಾದಂತೆ.