ಪವರ್ಗ

ಪ ಫ ಬ ಭ ಮ —
ಐದೂ ಅಕ್ಷರಕ್ಕ ತುಟಿ ಒಂದ ನಮೂನಿ ಮುಚ್ಚಿ ತೆರೀತಾವ.
ಹತ್ತೊಂಬತ್ತು ವರ್ಷ ಕಲಿಸೀನಿ,
ಇದು ನನಗ ಗೊತ್ತಿರಲಿಲ್ಲ.

ಬೆಟಗೇರಿ, ಸರಕಾರಿ ಸಾಲಿ, ನಾಕನೇ ಇಯತ್ತೆ,
ಸೋಮವಾರದ ಉಕ್ತಲೇಖನ.
'ಬರಿ' ಅಂದೆ ನಾನು.
'ಮರಿ' ಅಂತ ಬರದಿದ್ದಳು ಬನಶ್ರೀ,
ದುಂಡಗ, ಗೆರಿ ಮ್ಯಾಲೆ ಕುಂದರಿಸಿ.
ಬಾವಿ ಇದ್ದಲ್ಲಿ ಮಾವಿ. ಮಣಿ ಇದ್ದಲ್ಲಿ ಪಣಿ.
ಗಿಣಿ ಇದ್ದಲ್ಲಿ ಖಾಲಿ ಜಾಗಾ —
ಗ ಅನ್ನೂದು ಗಂಟಲದಾಗ ಇರತದ, ಹೊರಗ ಕಾಣಂಗಿಲ್ಲ.
ಹತ್ತಕ್ಕ ಮೂರು.
ಎಲ್ಲಿರತದ ನಿನ್ನ ಲಕ್ಷ್ಯ?
ಹಲಗಿಗೆ ಮುಖ ಮಾಡಿ ಕೇಳಿದೆ ಅದನ್ನೂ.

ಕಿವಿ ಹಿಂದ ಒಂದು ಯಂತ್ರ ಅದ, ಗೋಡಂಬಿಯಷ್ಟು,
ಕ್ಯಾಂಪಿನಾಗ ಕೊಟ್ಟದ್ದು.
ಸೆಲ್ ತೀರಿ ಎರಡು ತಿಂಗಳಾತು, ಅರ್ಜಿ ಆಫೀಸಿನಾಗ ಅದ.
ಸೆಲ್ ಇದ್ದಾಗೂ ಅದು ಮಾತು ಕೊಡತಿರಲಿಲ್ಲಂತ,
ಬರೇ ಗದ್ದಲ: ಬೆಂಚು ಎಳಿಯೂದು, ಫ್ಯಾನು,
ಮೂವತ್ತೇಳು ಮಂದಿ ಕೆಮ್ಮು,
ನಡುವ ಎಲ್ಲೋ ನಾನು.

ಹಾಜರಿ ಕರದರ ತಸ್ಲೀಮಾ ತಿವೀತಾಳ,
ಆಗ ಇಕಿ 'ಹಾಜರ್ರೀ' ಅಂತಾಳ.
ಮೂರು ವರ್ಷ ಆ ಮೊಣಕೈ ಇಕಿ ಕಿವಿ.
ಅದರ ಪಗಾರ ಯಾರೂ ಕೊಟ್ಟಿಲ್ಲ.

ಶನಿವಾರ ಅವರ ಮನೀಗೆ ಹೋದೆ, ಬೈಯಲಿಕ್ಕೆ.
ಒಳಗ ನಾಕು ಪವರ್‌ಲೂಮು,
ಕಟಕಟ ಕಟಕಟ ಲಾಳಿ ಓಡತಿತ್ತು, ನೆಲ ನಡಗತಿತ್ತು.
'ನಾ ಸಾಲಿ ಮಾಸ್ತರ್ರೀ' ಅಂತ ಒದರಿದೆ.
ನನ್ನ ಮಾತು ನನಗ ಕೇಳಲಿಲ್ಲ.
ಆ ಮೂಲಿಯಿಂದ ಅವ್ವ ಗದ್ದ ಎತ್ತಿದಳು: ಯಾರು?
ಬನಶ್ರೀ ಗಾಳ್ಯಾಗ ಒಂದು ಹಲಗಿ ಬರದಳು,
ಬೆರಳಿಲೆ ಮೀಸಿ ತಿರುವಿದಳು.
ಅಪ್ಪ, ಹರಿದ ಎಳಿ ಗಂಟು ಹಾಕಕೋತ,
ಎರಡು ಬೆರಳು ತುಟಿಗೆ ಒಯ್ದ.
ಅಣ್ಣ ಎದ್ದು ಚಾಕ್ಕ ಹೋದ.
ಯಾರೂ ದನಿ ಎತ್ತಲಿಲ್ಲ. ಯಾರಿಗೂ ಏನೂ ತಪ್ಪಲಿಲ್ಲ.
ನಾ ಒಬ್ಬವ ನಡುವ ನಿಂತು
ಏನಂದ್ರಿ, ಏನಂದ್ರಿ ಅನಕೋತ,
ಅತ್ತ ನೋಡಿ ಇತ್ತ ನೋಡಿ ಸುಮ್ಮನ ನಕ್ಕೆ.
ಆ ನಗಿ ನನಗ ಗುರುತು.
ಎರಡನೇ ಬೆಂಚಿನಾಗ ದಿನಾ ನೋಡತೀನಿ.

ಆಕಿ ನನ್ನ ತೋಳು ಜಗ್ಗಿ ಚಿಟಿಕಿ ಹಿಡದು ತೋರಿಸಿದಳು:
ಸಕ್ರಿ ಬೇಕೋ, ಬ್ಯಾಡೋ?

ರವಿವಾರ ಕನ್ನಡಿ ಮುಂದ ನಿಂತೆ.
ಬರಿ, ಅಂದೆ. ಮರಿ, ಅಂದೆ.
ಕನ್ನಡಿಗೆ ಫರಕ ತಿಳೀಲಿಲ್ಲ.
ಜೂನದಿಂದ ಈ ಹುಡುಗೀಗೆ
ಮರಿ, ಮರಿ ಅಂತ ಹೇಳಕೋತ ಬಂದಿದ್ದೆ.
ಆಮ್ಯಾಲೆ ಮೀಸಿ ತಗಸಿದೆ.

'ಮನ್ಯಾಗ ಯಾರರೆ ಹೋದರೇನ್ರೀ?' ಅಂದರು ಹೆಡ್‌ಮಾಸ್ತರ್.

ಕಿಡಕಿಗೆ ಬೆನ್ನು ಕೊಟ್ಟು ನಿಲ್ಲೂದು ಬಿಟ್ಟೀನಿ, ಮುಖ ಕತ್ತಲಾಗತದಂತ.
ಹಲಗಿ ಕಡೆ ಹೊಳ್ಳಿದರ ಮಾತು ನಿಲ್ಲಸತೀನಿ.
ಮರೀತದ. ಮರತಾಗ ತಸ್ಲೀಮಾ ಡೆಸ್ಕ್ ಬಡೀತಾಳ.
'ಬರಿ' ಅನ್ನೂಮುಂದ ಎರಡು ಬೆರಳು ಕೂಡತಾವ,
'ಮರಿ'ಗೆ ಹಣಿ ಒರಸಿ ಚೆಲ್ಲೂದು.
ಇವು ಮಗ್ಗದ ಮನಿ ಸನ್ನಿ, ಪುಸ್ತಕದಾವಲ್ಲ.
ಸಂಜ್ಞಾಭಾಷೆ ಕಲಿಸಾಕಿ ಒಬ್ಬಾಕಿ
ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬರತಾಳಂತ.
ಬರಲಿ. ನಾನೂ ಬೆಂಚಿನಾಗ ಕುಂದರತೀನಿ.

ಇವತ್ತು ಉಕ್ತಲೇಖನದ ನಡುವ ಕರೆಂಟ್ ಹೋತು.
ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮಿಗೆಲೆ ನಿಂತವು.
ಮೂವತ್ತೇಳು ತಲಿ ಕಿಡಕಿ ಕಡೆ ಹೊಳ್ಳಿದವು,
ಸಪ್ಪಳ ನಿಂತದ್ದನ್ನ ಕೇಳಲಿಕ್ಕೆ.
ಒಬ್ಬಾಕಿ ಮಾತ್ರ
ಪೆನ್ಸಿಲ್ ಎತ್ತಿ ಹಿಡದು, ನನ್ನ ತುಟಿ ನೋಡಕೋತ,
ಆರನೇ ಶಬ್ದಕ್ಕ ಕಾಯಲಿಕತ್ತಿದ್ದಳು.