ಲೆಕ್ಕಕ್ಕುಂಟು

ಮಂಗಳವಾರ ಬೆಳಿಗ್ಗೆ ಏಳೂವರೆಗೆ
ಬಿಳಿ ಕಾರಿನಿಂದ ಇಳಿದರು ಮೌಜಾ ಅಲ್ ಬಲೂಶಿ,
ಸಚಿವಾಲಯದವರು. ಅಬಾಯದ ಅಂಚಿಗೆ ಸೊಹಾರಿನ ದೂಳು.
ಜೊತೆಗೆ ಯಾರೂ ಇಲ್ಲ. ಒಂದು ಬ್ಯಾಗು, ಒಂದು ಹಸಿರು ಪೆನ್ನು.
ಕೆಂಪಿಗೆ ಸಿದ್ಧವಾಗಿ ನಿಂತಿದ್ದ ನಮಗೆ
ಅದೇ ಮೊದಲ ಗಾಬರಿ.

ನಾನು ಹಿಲ್ಡಾ, ಲೆಕ್ಕದವಳು.
ಹದಿನೇಳು ವರ್ಷ ಈ ಶಾಲೆಯ ರಿಯಾಲು ಬೈಸಾಗಳನ್ನು
ಚುಕ್ಕಿಯ ಆಚೆ ಮೂರು ಮನೆಗಳಲ್ಲಿ ಕೂರಿಸಿದವಳು.
ಊರಿನ ಪೈಸೆಗೆ ಎರಡೇ ಮನೆ;
ಇಲ್ಲಿ ತಪ್ಪಿಗೆ ಅಡಗಲು ಒಂದು ಕೋಣೆ ಹೆಚ್ಚು.

ಫೈಲು ತಯಾರಿತ್ತು. ರಾತ್ರಿ ಹನ್ನೊಂದರವರೆಗೆ
ಕುರುವಿಲ್ಲಾ ಸರ್ ಪಕ್ಕದಲ್ಲೇ ನಿಂತು ಕಟ್ಟಿಸಿದ್ದು.
ವಿಶೇಷ ಅಗತ್ಯದ ಮಕ್ಕಳ ನೆರವು, ಹದಿನಾಲ್ಕು ಮಂದಿ.
ಅರಬ್ಬಿ ಬಲದಿಂದ, ಇಂಗ್ಲಿಷು ಎಡದಿಂದ,
ಎರಡೂ ಎದುರಾಗುವಲ್ಲಿ ನನ್ನ ಸಹಿ.
ಕೋಣೆಯ ಬಾಗಿಲಿಗೆ ಹೊಸ ಫಲಕ. ಅಂಟು ಇನ್ನೂ ಹಸಿ.

ಹದಿನಾಲ್ಕರಲ್ಲಿ ಮೂವರು ಊರಿಗೆ ಮರಳಿ
ಎರಡು ರಂಜಾನ್ ಕಳೆದಿವೆ;
ಪಟ್ಟಿಯಲ್ಲಿ ದಿನವೂ ಹಾಜರು.
ಚಿಕ್ಕಂದಿನಲ್ಲಿ ಇಗರ್ಜಿಯ ಹಿಂದಿನ ಗುಡ್ಡೆಯಲ್ಲಿ
ಅಣ್ಣಂದಿರು ನನ್ನನ್ನು ಸೇರಿಸಿಕೊಳ್ಳುವಾಗ ಹೇಳುತ್ತಿದ್ದರು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಈ ಮಕ್ಕಳದ್ದು ತಿರುಗಾಮುರುಗಾ.

ಮೀನು ಕೊಳ್ಳುವವರ ಹಾಗೆ
ಒಂದೊಂದು ರಸೀದಿಯ ಕಿವಿರು ಎತ್ತಿ ನೋಡಿದರು.
'ಈ ಪರದೆ?'
'ತರಗತಿಗೆ.'
'ಯಾವ ತರಗತಿ?'
ಸರ್ ಕೆಮ್ಮಿದರು. ಅವರ ಬೆನ್ನ ಹಿಂದೆಯೇ
ಏಸಿಯ ಗಾಳಿಗೆ ಪರದೆ ಅಲ್ಲಾಡುತ್ತಿತ್ತು.
ಹಸಿರು ವೃತ್ತ.

'ಮಾತು ಕಲಿಸುವ ಟೀಚರು, ವಾರಕ್ಕೆ ನಾಲ್ಕು ಗಂಟೆ. ಎಲ್ಲಿ?'
'ರಜೆ.'
ಸುಳ್ಳಲ್ಲ. ಫೆಬ್ರವರಿಯಿಂದ ರಜೆ.

'ಇದು ಬಸ್ಸಿನ ಹಣ. ಆರು ಮಕ್ಕಳು, ಐದು ತಿಂಗಳು.
ಆ ಹದಿನಾಲ್ಕರಲ್ಲಿ ಈ ಆರು ಹೆಸರಿಲ್ಲ.'

ಅದು ನನ್ನ ಕೈಬರಹ.
ಹೇಳಬಹುದಿತ್ತು: ಬಂದರಿನ ಕಂಪನಿ ಸಂಬಳ ನಿಲ್ಲಿಸಿದ ತಿಂಗಳು,
ಹೆದ್ದಾರಿಯ ಅಂಚಿನಲ್ಲಿ ಆರು ನೀಲಿ ಯೂನಿಫಾರ್ಮು
ಬಿಸಿಲಿಗೆ ಕೆಂಪಾಗಿ ನಡೆದು ಬರುತ್ತಿದ್ದುದು,
ಡ್ರೈವರ್ ಗುಲ್‌ಜಾನ್ ನನ್ನ ಕಿಟಕಿಗೆ ಬಂದು
'ಹತ್ತಿಸಲೇ, ಬಿಡಲೇ?' ಅಂದದ್ದು.
ಯಾವ ಬಾಬತ್ತು ತುಂಬಿತ್ತೋ ಅದಕ್ಕೆ ಕೈ ಹಾಕಿದೆ.
ಮೂರನೇ ಸಿ ತರಗತಿಯ ಶಮ್ಮಾಸನ ಕಿವಿಯಿಂದ
ತೆಗೆಯುತ್ತಿದ್ದೇನೆಂದು ಆಗ ಹೊಳೆಯಲಿಲ್ಲ.

ಹೊಳೆಯಿತು. ಬರೆದೆ.

ಹಸಿರು ವೃತ್ತ. ಪರದೆಗೆ ಬಿದ್ದಷ್ಟೇ ದೊಡ್ಡದು,
ಅಷ್ಟೇ ದುಂಡು.

'ಹುಡುಗನನ್ನು ಕರೆಯಿರಿ.'
ಶಮ್ಮಾಸ್ ಬಂದ. ಹೊಸ ಫಲಕ ನೋಡಿದ,
ಪ್ಲಾಸ್ಟಿಕ್ ಕವರಿನೊಳಗೇ ಕೂತ ಕುರ್ಚಿ ನೋಡಿದ,
ಹೊಸ್ತಿಲಲ್ಲಿ ಬಗ್ಗಿ, ಲೇಸು ಬಿಚ್ಚಿ,
ಬೂಟು ಕಳಚಿ, ಜೋಡಿಸಿ ಇಟ್ಟ,
ಯಾರದೋ ಮನೆಗೆ ಮೊದಲ ಸಲ ಬಂದವರ ಹಾಗೆ.
ಮೌಜಾ ಆ ಬೂಟುಗಳನ್ನು ನೋಡಿದರು.
ಪೆನ್ನಿನ ಮುಚ್ಚಳ ಹಾಕಿದರು.

ಚಹಾ ಮುಟ್ಟಲಿಲ್ಲ. ಉತ್ತರಕ್ಕೆ ಮೂವತ್ತು ದಿನ.
ಕಾರಿನ ಬಳಿ, ಮುರುಕು ಹಿಂದಿಯಲ್ಲಿ, ನನಗೆ ಮಾತ್ರ:
'ಬಸ್ಸು ನಿನ್ನದಾ?'
'ಹೌದು.'
'ಅದಕ್ಕೆ ಬೇರೆ ನೆರವು ಇದೆ, ಹಳದಿ ಅರ್ಜಿ.
ಯಾವ ಶಾಲೆಯೂ ಕೇಳುವುದಿಲ್ಲ.'
ನನ್ನ ವೃತ್ತ ಮಾತ್ರ ಅಳಿಸಲಿಲ್ಲ. ನಾನೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಖಾತೆ ತೆಗೆದು
ಕೊಡಬೇಕಾದವರ ಪುಟದಲ್ಲಿ ಬರೆದೆ:
ಶಮ್ಮಾಸ್, ಮೂರನೇ ಸಿ. ಎಂಬತ್ತು ಗಂಟೆ.
ಅಭ್ಯಾಸಬಲ, ಚುಕ್ಕಿ ಇಟ್ಟು ಮೂರು ಸೊನ್ನೆ.

ಹಳದಿ ಅರ್ಜಿಯ ಉತ್ತರಕ್ಕೆ ಆರು ವಾರವಂತೆ.
ನಾಳೆ ಬೆಳಿಗ್ಗೆ ಆರೂಕಾಲಿಗೆ
ಗುಲ್‌ಜಾನ್ ಕಿಟಕಿ ತಟ್ಟುತ್ತಾನೆ.